ಭರಣಿಗೆ ಕೈ ಹಾಕುವವರು

ಮೊಮ್ಮಗಳು ಸಿಂದಗಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಾಳೆ. ಬಾಯಿ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಇನ್ನೊಂದು ವರ್ಷ ಹಾಳು. ಪರೀಕ್ಷೆಯ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಒಂದೇ ಸಾಲನ್ನು ಉರು ಹೊಡೆಯುತ್ತಿದ್ದಳು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ತಿಳಿಯದೆ ಓದುವವರ ದನಿ ನನಗೆ ಗೊತ್ತಾಗುತ್ತದೆ.

"ಏನದು, ನನಗ ಹೇಳು ನೋಡೂಣು."

"ಪ್ರೋಗ್ರಾಮ್ ಬರಿಯೂದ್ರಾಗ ಕ್ಲಾಸ್ ಅಂದ್ರ ಮನಿ ಇದ್ದಂಗ, ಆಯಿ. ಒಳಗಿನ ಸಾಮಾನು ಹೊರಗಿನವರು ಮುಟ್ಟಂಗಿಲ್ಲ. ಫಂಕ್ಷನ್ ಅಂದ್ರ ಹೇಳಿದ ಕೆಲಸ ಮಾಡೂದು. ಮೆಂಬರ್ ಫಂಕ್ಷನ್ ಮನಿಯವರು, ಮುಟ್ಟತಾರ. ಫ್ರೆಂಡ್ ಫಂಕ್ಷನ್ನೂ ಮುಟ್ಟತೈತಿ, ಅದರ ಹೆಸರೂ ಕ್ಲಾಸಿನೊಳಗ ಬರೀತಾರ. ಅದಕ್ಕ ಹೋದ ಸಲ ಎರಡೂ ಮನೀವ ಅಂದೆ. ಮೇಡಂ ಹೊರಗ ಕಳಿಸಿದ್ರು."

ನಮ್ಮ ಉಪ್ಪಿನಕಾಯಿ ಭರಣಿಗೆ ಹೊರಗಿನವರು ಕೈ ಹಾಕುವಂತಿಲ್ಲ. ಕೆಟ್ಟುಹೋಗುತ್ತದೆ ಎಂದು ನಮ್ಮತ್ತೆಯ ಕಾಲದಿಂದ ನಂಬಿಕೆ. ಎದುರುಮನೆಯ ನನ್ನ ಗೆಳತಿಗೆ ಮಾತ್ರ ಕೈ ಹಾಕಬಹುದೆಂದು ನಾನೇ ಎಲ್ಲರ ಮುಂದೆ ಹೇಳಿದ್ದೆ.

"ಎದುರುಮನಿ ಆಕಿ ಹೆಸರ ಈ ಮನ್ಯಾಗ ನಾನ ಹೇಳೇನಿ. ಹಂಗಂತ ಆಕಿ ಈ ಮನಿ ಸೊಸಿ ಆದ್ಲೇನ?"

"ಇಲ್ಲ."

"ನಿಮ್ಮವ್ವಗ 'ಉಪ್ಪ ಹಾಕು' ಅಂದ್ರ ನಮ್ಮ ಭರಣಿಗೇ ಹಾಕ್ತಾಳ. ಎದುರುಮನಿ ಆಕಿಗಿ ಅಷ್ಟ ಅಂದ್ರ?"

"ಯಾರ ಭರಣಿಗೆ ಅಂತ ಕೇಳ್ತಾಳ." ಹುಡುಗಿ ಪುಸ್ತಕ ಮುಚ್ಚಿದಳು. "ಹೌದಲ್ಲ! ಫ್ರೆಂಡಿಗೆ ಯಾವ ಭರಣಿ ಅಂದಂಗ ಯಾವ ಆಬ್ಜೆಕ್ಟ್ ಅಂತ ಕೈಯಾಗ ಕೊಡಬೇಕು. ಮೆಂಬರಿಗೆ ತನ್ನದು ಯಾವುದಂತ ಗೊತ್ತಿರತೈತಿ."

"ಇಷ್ಟಕ್ಕ ಫೇಲಾದ್ಯಾ? ರೊಟ್ಟಿ ತಿನ್ನು, ಬಸ್ ಹೋಗತೈತಿ."

ಮಧ್ಯಾಹ್ನ ಬಂದವಳೇ ಪಾಸಾದೆ ಎಂದಳು.

"ಕೊನೀಗೆ ಮೇಡಂ ಇನ್ನೊಂದು ಕೇಳಿದ್ರು, ಆಯಿ. ಒಂದು ಕ್ಲಾಸು ಇನ್ನೊಂದನ್ನ ಫ್ರೆಂಡ್ ಅಂದ್ರ, ಆ ಇನ್ನೊಂದರ ಒಳಗ ಇದೂ ಕೈ ಹಾಕಬಹುದೇನು ಅಂತ. ಹಾಕಂಗಿಲ್ಲ ಅಂದೆ."

"ಹೆಂಗ ಗೊತ್ತಾತು?"

"ನೀ ಎದುರುಮನಿ ಭರಣಿ ಮುಟ್ಟಿದ್ದ ನಾ ಯಾವತ್ತೂ ನೋಡಿಲ್ಲಲ್ಲ."

ನಿಜ. ಇಷ್ಟು ವರ್ಷ ಗೆಳತಿಯ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಿದ್ದೇನೆ. ಉಪ್ಪಿನಕಾಯಿ ಮಾತ್ರ ಅವಳೇ ತೆಗೆದು ಬಡಿಸುತ್ತಾಳೆ. ನನಗೆ ಅದು ಹೊಳೆದೇ ಇರಲಿಲ್ಲ.

ಸಂಜೆ ಗೆಳತಿ ಬಟ್ಟಲು ಹಿಡಿದು ಬಂದಳು, ಯಾವಾಗಿನಂತೆ ನಮ್ಮ ಭರಣಿಯ ಬಾಯಿ ಬಿಚ್ಚಿದಳು. ನಿನ್ನ ಭರಣಿಗೆ ನಾನೂ ಕೈ ಹಾಕಬಹುದೇ ಎಂದು ಕೇಳಿಬಿಡಬೇಕು ಎನಿಸಿತು, ಬಿಟ್ಟೆ. ನನ್ನ ಮನೆಯ ಮಾತು ನಾನು ಹೇಳಿದ್ದೆ. ಅವಳ ಮನೆಯದು ಅವಳೇ ಹೇಳಬೇಕು, ನಾನು ಕೇಳಿ ಪಡೆಯುವಂಥದ್ದಲ್ಲ.

"ಉಪ್ಪ ಕಮ್ಮಿ ಆಗೈತಿ ನೋಡು," ಎಂದಳು.

"ಹಾಕು ಮತ್ತ," ಎಂದೆ.