ಮಹಜರಿನ ಕೆಳಗಿನ ಸಹಿ

ಮೊನ್ನೆ ಶನಿವಾರ ಬೇಲೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ವಾರ್ನಿಷ್ ವಾಸನೆ ಬಂತು. ಬಾಗಿಲಿಗೆ ಬಳಿಯುವ ವಾರ್ನಿಷ್ ಅಲ್ಲ. ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿದ ಮೇಲೆ ಅದಕ್ಕೆ ಹೊಯ್ದು, ಬಲ್ಬಿನ ಬಿಸಿಯಲ್ಲಿ ಒಣಗಲು ಇಡುತ್ತಾರಲ್ಲ, ಅದು. ಸ್ವಲ್ಪ ಘಾಟು, ಸ್ವಲ್ಪ ಸಿಹಿ. ನಾನು ರಸ್ತೆ ದಾಟಿ ಆಚೆ ಬದಿಗೆ ಹೋದೆ. ಅಂಗಡಿಯಲ್ಲಿ ಯಾರು ಕೂತಿದ್ದಾರೆಂದು ತಿರುಗಿ ನೋಡಲಿಲ್ಲ. ನಾನು ಕೇಳಿ ಬೇಲೂರಿಗೆ ವರ್ಗ ಮಾಡಿಸಿಕೊಂಡು ಬಂದದ್ದೇ ಅಂಥ ಒಂದು ಅಂಗಡಿಯ ಮುಂದೆ ದಿನವೂ ನಡೆಯುವುದು ತಪ್ಪಲಿ ಎಂದು.

ಆ ಅಂಗಡಿ ಇದ್ದದ್ದು ಅರಸೀಕೆರೆಯಲ್ಲಿ, ಒಂದು ಬೇಕರಿಯ ಪಕ್ಕ. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ ವೈಂಡಿಂಗ್ ಸಾಬರು ಎನ್ನುತ್ತಿತ್ತು. ನಾನು ಆಗ ಅಲ್ಲಿನ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಹಾರನಹಳ್ಳಿಯ ಹತ್ತಿರ ನಮ್ಮದೊಂದು ತೆಂಗಿನ ತೋಟ ಇತ್ತು. ವರ್ಷಕ್ಕೊಮ್ಮೆಯಾದರೂ ಅಲ್ಲಿಯ ಮೋಟರು ಸುಡುತ್ತಿತ್ತು, ನಾನು ಹೊತ್ತುಕೊಂಡು ಸಾಬರ ಹತ್ತಿರ ಹೋಗುತ್ತಿದ್ದೆ.

"ಮೋಟ್ರು ಸುಟ್ಟಿಲ್ಲ ಸಾರ್, ನೀವು ಸುಟ್ಟಿದ್ದೀರ. ಎರಡು ಫೇಸ್ ಬಂದ್ರೂ ಓಡುಸ್ತೀರಲ್ಲ, ಅದೇನು ಗಾಣದೆತ್ತಾ?" ಎಂದು ಎಲ್ಲರೆದುರಿಗೇ ಬೈಯುತ್ತಿದ್ದರು. ಬೈದು, ಪಕ್ಕದಿಂದ ಟೀ ತರಿಸುತ್ತಿದ್ದರು.

ನಮ್ಮ ಕಡೆ ತೋಟಕ್ಕೆ ಮೂರು ಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಬಂದಾಗ ಓಡಿಹೋಗಿ ಮೋಟರು ಹಾಕಬೇಕು. ಮನೆಯಿಂದಲೇ ಹಾಕುವಂಥ ಸ್ಟಾರ್ಟರುಗಳು ಮಾರುಕಟ್ಟೆಯಲ್ಲಿದ್ದವು, ಆದರೆ ದುಬಾರಿ. ಸಾಬರು ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಹಳೆಯ ಕೀಪ್ಯಾಡ್ ಫೋನು ಬಿಚ್ಚಿ, ಅದರಿಂದ ಎರಡು ತಂತಿ ಎಳೆದು, ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ರಿಲೇಗೆ ಜೋಡಿಸಿ, ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬದಲ್ಲಿ ಕೂರಿಸುತ್ತಿದ್ದರು. ಆ ಫೋನಿಗೆ ರಿಂಗ್ ಕೊಟ್ಟರೆ ತೋಟದಲ್ಲಿ ಮೋಟರು ಚಾಲೂ ಆಗುತ್ತಿತ್ತು. ಅರಸೀಕೆರೆಯ ಸುತ್ತ, ಆಚೆ ಹಳೇಬೀಡಿನ ಕಡೆಗೂ, ಎಷ್ಟೋ ಪಂಪ್‌ಹೌಸುಗಳ ಗೋಡೆಯ ಮೇಲೆ ಸಾಬರ ಡಬ್ಬ ಇತ್ತು.

ಒಂದು ದಿನ ನಾನು ಅಂಗಡಿಯಲ್ಲಿದ್ದಾಗ ಒಬ್ಬ ಗೌಡರು ಬಂದು, "ಸಾಬ್ರೇ, ನಿನ್ನೆ ಮಾಲೇಕಲ್ಲು ಬೆಟ್ಟದ ಮೇಲೆ ದೇವಸ್ಥಾನದ ಮುಂದೆ ನಿಂತ್ಕೊಂಡು ಮೋಟ್ರು ಆನ್ ಮಾಡ್ದೆ ಕಣ್ರೀ!" ಎಂದರು.

"ಕೈ ಮುಗ್ದಿದ್ದು ದೇವ್ರಿಗೋ ಮೋಟ್ರಿಗೋ ಗೌಡ್ರೇ?" ಸಾಬರು ತಂತಿ ಸುತ್ತುತ್ತಲೇ ಕೇಳಿದ್ದರು.

ನಮ್ಮ ತೋಟಕ್ಕೆ ಡಬ್ಬ ಹಾಕಲು ಅವರೇ ಬಂದಿದ್ದರು. ಮೊದಲ ರಿಂಗಿಗೇ ನೀರು ಬಂತು. ತೊಟ್ಟಿಯ ನೀರಿನಲ್ಲಿ ಕೈ ತೊಳೆಯುತ್ತಾ, "ಇನ್ಮೇಲೆ ಮೇಡಮ್ಮೋರಿಗಿಂತ ಮೋಟ್ರಿಗೇ ಜಾಸ್ತಿ ಫೋನ್ ಮಾಡ್ತೀರ ಸಾರ್. ಇದು ಎತ್ತೋದೂ ಇಲ್ಲ, ಬೈಯೋದೂ ಇಲ್ಲ" ಎಂದು ನಕ್ಕಿದ್ದರು. ನಾನು ಆ ವಾರವೇ ಕ್ಲಾಸಿನಲ್ಲಿ ರಿಲೇ ಪಾಠ ಮಾಡುವಾಗ ಸಾಬರ ಡಬ್ಬವನ್ನೇ ಉದಾಹರಣೆಯಾಗಿ ಕೊಟ್ಟೆ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮೊದಲ ಪೀರಿಯಡ್ ಮುಗಿಯುವ ಹೊತ್ತಿಗೆ, ಪ್ರಾಂಶುಪಾಲರು ಕರೆಸಿದರು. ಪೊಲೀಸರಿಗೆ ಪಂಚರು ಬೇಕಂತೆ, ಸರ್ಕಾರಿ ನೌಕರರೇ ಆಗಬೇಕಂತೆ, ಹೋಗಿ ಬನ್ನಿ ಎಂದರು. ಶೋಧ ಮಾಡಿದ ಜಾಗದಲ್ಲಿ ಏನೇನು ಸಿಕ್ಕಿತೆಂದು ಪೊಲೀಸರು ಮಹಜರು ಬರೆಯುತ್ತಾರೆ, ಕಣ್ಣಾರೆ ಕಂಡೆವೆಂದು ಪಂಚರು ಅದಕ್ಕೆ ಸಹಿ ಹಾಕುತ್ತಾರೆ. ಮೊದಲೊಮ್ಮೆ ಒಂದು ಕಳವಿನ ಕೇಸಿನಲ್ಲಿ ನಾನು ಸಹಿ ಹಾಕಿದ್ದೆ. ಇದೂ ಅಂಥದ್ದೇ ಎಂದುಕೊಂಡು ಜೀಪು ಹತ್ತಿದೆ.

ಜೀಪು ನಿಂತದ್ದು ಸಾಬರ ಅಂಗಡಿಯ ಮುಂದೆ.

ಬೆಂಗಳೂರಿನಿಂದ ಬಂದಿದ್ದ ತಂಡ ಅದು. ಬೇರೆ ಊರಿನಲ್ಲಿ ಬಾಂಬಿನ ಕೇಸಿನಲ್ಲಿ ಹಿಡಿದಿದ್ದ ಒಬ್ಬನ ಫೋನಿನಲ್ಲಿ ಸಾಬರ ನಂಬರು ಸಿಕ್ಕಿತ್ತಂತೆ. ಸಾಬರ ನಂಬರು ಯಾರ ಫೋನಿನಲ್ಲಿರಲಿಲ್ಲ? ಅಂಗಡಿಯ ಬೋರ್ಡಿನ ಮೇಲೇ ಇತ್ತು. ಸಾಬರನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿದ್ದರು. ಬೆಂಚಿನ ಮೇಲೆ ಇನ್ನೂ ಮುಚ್ಚಳ ಹಾಕದ ಮೂರು ಡಬ್ಬಗಳು. ಬೇಕರಿಯವರನ್ನು ಎರಡನೆಯ ಪಂಚರೆಂದು ಎಳೆದುಕೊಂಡು ಬಂದಿದ್ದರು. ಅವರು ಬೆವರು ಒರೆಸುತ್ತಾ ನೆಲ ನೋಡುತ್ತಿದ್ದರು.

ನನ್ನನ್ನು ಕಂಡದ್ದೇ ಸಾಬರ ಮುಖ ಅರಳಿತು. ಅದೇ ನನಗೆ ಇಂದಿಗೂ... "ಸಾರ್, ಬಂದ್ರಾ! ನೀವಾದ್ರೂ ಹೇಳಿ ಸಾರ್ ಇದೇನು ಅಂತ. ನಾನು ಹೇಳುದ್ರೆ ಇವ್ರು ನಂಬ್ತಿಲ್ಲ."

ಅಧಿಕಾರಿ ನನ್ನ ಕಡೆ ತಿರುಗಿದರು. ಮಾತು ಬಹಳ ಮೆತ್ತಗಿತ್ತು. "ಗೊತ್ತಾ ನಿಮಗೆ ಇವನು?"

ನನ್ನ ಜೇಬಿನಲ್ಲಿ ನನ್ನ ಫೋನಿತ್ತು. ಅದರಲ್ಲಿ ಪಂಪ್‌ಹೌಸಿನ ನಂಬರಿತ್ತು, ದಿನಕ್ಕೆ ಎರಡು ಸಲ ನಾನು ಕರೆ ಮಾಡುತ್ತಿದ್ದ ನಂಬರು. ಆ ಡಬ್ಬದೊಳಗಿನ ಸಿಮ್ಮು ನನ್ನ ಹೆಸರಿನಲ್ಲಿತ್ತು. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇದೆಲ್ಲ ತಲೆಯಲ್ಲಿ ಓಡಿತು.

"ಅಂಗಡಿ ನೋಡಿದೀನಿ ಸಾರ್. ಅಷ್ಟೇ."

"ಸೈನ್ಸ್ ಲೆಕ್ಚರರ್ ಅಲ್ವಾ ನೀವು? ಇದನ್ನ ದೂರದಿಂದ ಆನ್ ಮಾಡಬಹುದಾ?"

"ಮಾಡಬಹುದು ಸಾರ್."

"ಗುಡ್. ಬರ್ಕೊಳ್ರೀ."

ಯಾಕೆ ಆನ್ ಮಾಡುತ್ತಾರೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಪೇದೆ ಬರೆದದ್ದನ್ನು ಓದಿ ನೋಡಿಯೇ ಸಹಿ ಹಾಕಿದೆ: ಮೊಬೈಲ್ ಫೋನಿಗೆ ತಂತಿ ಜೋಡಿಸಿ ದೂರದಿಂದ ಚಾಲನೆ ಮಾಡಬಹುದಾದ ಮೂರು ಸಾಧನಗಳು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಮೋಟರು ಎಂಬ ಪದ ಮಾತ್ರ ಇರಲಿಲ್ಲ. ಕೆಳಗೆ ನನ್ನ ಹೆಸರು, ಎಂಎಸ್ಸಿ, ಹುದ್ದೆ. ಬೇಕರಿಯವರು ಓದದೆ ಸಹಿ ಹಾಕಿದರು. ಅವರನ್ನು ಕಂಡರೆ ನನಗೆ ಈಗ ಹೊಟ್ಟೆಕಿಚ್ಚು.

ಜೀಪಿಗೆ ಹತ್ತಿಸುವಾಗ ಸಾಬರು ಬೇಕರಿಯವರ ಕಡೆ ತಿರುಗಿ, "ವಾರ್ನಿಷ್ ಹೊಯ್ದಿರೋ ಮೋಟ್ರು ಒಂದು ಬಲ್ಬ್ ಕೆಳಗೈತೆ, ಸಾಯಂಕಾಲ ಸ್ವಿಚ್ ಆಫ್ ಮಾಡ್ಬುಡಿ" ಎಂದರು.

ಮಧ್ಯಾಹ್ನ ರಜೆ ಬರೆದುಕೊಟ್ಟು ನೇರ ತೋಟಕ್ಕೆ ಹೋದೆ. ಡಬ್ಬವನ್ನು ಗೋಡೆಯಿಂದ ಕಿತ್ತೆ. ಸ್ಕ್ರೂ ಬಿಚ್ಚದೆ ಎಳೆದೇ ಕಿತ್ತೆ. ಸಿಮ್ಮು ಮುರಿದೆ. ಪಾಳುಬಾವಿಗೆ ಎಸೆದೆ. ವಾಪಸು ಬರುವಾಗ ಹಾರನಹಳ್ಳಿಯ ಟೀ ಅಂಗಡಿಯಲ್ಲಿ ಮೂವರು ರೈತರು ಅಡ್ಡ ಹಾಕಿದರು. ಸುದ್ದಿ ಅಷ್ಟರಲ್ಲೇ ಬಂದಿತ್ತು.

"ಮೇಷ್ಟ್ರೇ, ನಮ್ ತೋಟದಾಗೂ ಐತಲ್ಲ ಸಾಬ್ರ ಡಬ್ಬ. ಏನ್ ಮಾಡಾನ?"

"ಕಿತ್ತು ಹಾಕಿಬಿಡಿ" ಎಂದೆ. "ಸುಮ್ಮನೆ ಯಾಕೆ ತಲೆನೋವು."

ಸೈನ್ಸ್ ಮೇಷ್ಟ್ರು ಹೇಳಿದ್ದಾರೆಂದರೆ ಅದರಲ್ಲಿ ಏನೋ ಇದೆ ಎಂದು ಜನ ತಿಳಿದರು. ವಾರದೊಳಗೆ ಮಾತು ತೋಟದಿಂದ ತೋಟಕ್ಕೆ ಹೋಯಿತು. ಕೆರೆಗೆ ಎಸೆದವರು, ಹೂತವರು, ಒಲೆಗೆ ಹಾಕಿದವರು... ಆ ಡಬ್ಬ ಏನೆಂದು ತೋರಿಸುವುದಕ್ಕೆ ನಮ್ಮ ಸೀಮೆಯಲ್ಲಿ ಒಂದೂ ಉಳಿಯಲಿಲ್ಲ.

ಎರಡು ತಿಂಗಳ ನಂತರ ಸಾಬರ ಹೆಂಡತಿ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ. ಗೇಟಿನ ಆಚೆಯೇ ನಿಂತು ಹೇಳಿದರು: "ಕೋರ್ಟಲ್ಲಿ ಜಾಮೀನು ಕೊಡ್ತಿಲ್ಲ ಸಾರ್, ಭಯೋತ್ಪಾದಕರ ಕಾನೂನಲ್ಲಿ ಕೊಡಾದೇ ಇಲ್ವಂತೆ. ಡಬ್ಬ ಮೋಟ್ರಿಗೆ ಅಂತ ತೋರ್ಸುದ್ರೆ ನೋಡಬೋದು ಅಂತ ವಕೀಲ್ರು ಹೇಳವ್ರೆ. ಎಲ್ಲಾದ್ರೂ ಓಡ್ತಿರೋ ಡಬ್ಬ ಒಂದಿದ್ರೆ ಫೋಟೋ ತೆಗ್ದು ಹಾಕ್ತಾರಂತೆ. ಯಾರ ತೋಟಕ್ಕೋದ್ರೂ ಇಲ್ಲ ಅಂತಾರೆ. ನಿಮ್ದು..."

"ನಮ್ಮ ತೋಟದಲ್ಲಿ ಇರಲೇ ಇಲ್ಲಮ್ಮ" ಎಂದೆ.

"ಸರಿ ಸಾರ್, ಬತ್ತೀನಿ" ಎಂದು ಹೋದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಆ ದಿನ ಊಟಕ್ಕೆ ಕರೆಯಲಿಲ್ಲ.

ಆಮೇಲೆ ಐದು ವರ್ಷ. ಆರು ತಿಂಗಳಿಗೆ ಚಾರ್ಜ್‌ಶೀಟ್ ಬಂತು, ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ವಿಚಾರಣೆ ಶುರುವಾಗಲೇ ಇಲ್ಲ. ಆರೋಪಿಗಳಲ್ಲಿ ಒಬ್ಬರನ್ನು ಬೇರೆ ರಾಜ್ಯದ ಜೈಲಿನಿಂದ ಕರೆತರಲಾಗಲಿಲ್ಲ, ನ್ಯಾಯಾಧೀಶರು ಬದಲಾದರು, ಕಡತ ಬರಲಿಲ್ಲ. ಪ್ರತಿ ಸಲವೂ ಮುಂದಿನ ತಾರೀಖು. ತಪ್ಪು ಮಾಡಿದ್ದಾರೆಂದು ಯಾರೂ ತೀರ್ಪು ಕೊಟ್ಟಿರಲಿಲ್ಲ, ಮಾಡಿಲ್ಲವೆಂದೂ ಹೇಳಿರಲಿಲ್ಲ. ಸಾಬರು ಸುಮ್ಮನೆ ಒಳಗಿದ್ದರು.

ಹೊರಗೆ ನಾನು ಒಂದು ಕನಸು ಕಟ್ಟಿಕೊಂಡಿದ್ದೆ. ಒಂದು ದಿನ ಸಮನ್ಸ್ ಬರುತ್ತದೆ, ನಾನು ಕಟಕಟೆ ಹತ್ತುತ್ತೇನೆ, ಎಲ್ಲರೆದುರಿಗೆ ಹೇಳುತ್ತೇನೆ: ಸ್ವಾಮಿ, ಇದು ಪಂಪ್‌ಸೆಟ್ಟಿನ ಸ್ಟಾರ್ಟರು, ನನ್ನ ತೋಟದಲ್ಲೂ ಒಂದಿತ್ತು, ಹೆದರಿ ಕಿತ್ತು ಎಸೆದೆ. ಸ್ಕೂಟರು ಓಡಿಸುವಾಗ, ಸ್ನಾನ ಮಾಡುವಾಗ ಆ ಮಾತುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಅದರ ಜೊತೆಗೇ, ಮನೆ ಮುಂದೆ ಯಾವುದಾದರೂ ಜೀಪು ನಿಧಾನವಾದರೆ ಎದ್ದು ಹೋಗಿ ಬಾಗಿಲ ಚಿಲಕ ಹಾಕುತ್ತಿದ್ದೆ. ಇವತ್ತಿಗೂ ಹಾಕುತ್ತೇನೆ. ಅಂಗಡಿಯಲ್ಲಿ ಕಳೆದ ಆ ಮುಕ್ಕಾಲು ಗಂಟೆ ತಲೆಯೊಳಗೆ ಮತ್ತೆ ಮತ್ತೆ ನಡೆಯುತ್ತದೆ. ಕೆಲವು ಸಲ ನಿದ್ದೆಯಲ್ಲಿ ನಾನು ನಿಜ ಹೇಳುತ್ತೇನೆ, ನನ್ನನ್ನೂ ಜೀಪಿಗೆ ಹತ್ತಿಸುತ್ತಾರೆ. ಅಲ್ಲಿಗೆ ಎಚ್ಚರವಾಗುತ್ತದೆ.

ಕಳೆದ ವರ್ಷ ಸಾಬರು ಜೈಲಿನಲ್ಲೇ ತೀರಿಕೊಂಡರು. ಕಿಡ್ನಿ ಕೆಟ್ಟಿತ್ತಂತೆ. ನನಗೆ ತಿಳಿಸಿದ್ದು ಬೇಕರಿಯವರು. ಸತ್ತವರ ಮೇಲೆ ಕೇಸು ನಡೆಯುವುದಿಲ್ಲ. ಉಳಿದವರ ಮೇಲಿನ ಕೇಸಿಗೆ ಡಬ್ಬದ ಮಹಜರು ಬೇಕಾಗಿಲ್ಲ, ನಿಮ್ಮನ್ನು ಇನ್ನು ಕರೆಯುವುದಿಲ್ಲ ಎಂದು ಪರಿಚಯದ ವಕೀಲರೊಬ್ಬರು ಹೇಳಿದರು. ನನಗೆ ನಿರಾಳವಾಯಿತು. ಇದನ್ನೂ ಬರೆಯಬೇಕು, ಮೊದಲು ಆದದ್ದು ನಿರಾಳವೇ.

ಮೊನ್ನೆ ಆ ವಾಸನೆ ಬಂದ ಮರುದಿನ ಭಾನುವಾರ. ಬಸ್ಸು ಹತ್ತಿ ಅರಸೀಕೆರೆಗೆ ಹೋದೆ. ಸಾಬರ ಹೆಂಡತಿ ಈಗ ಕೊಬ್ಬರಿ ಗೋದಾಮೊಂದರಲ್ಲಿ ಕೆಲಸ ಮಾಡುತ್ತಾರೆ. ಒಡೆದ ಕಾಯಿಗಳ ರಾಶಿಯ ಮುಂದೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಕೂರಲು ಒಂದು ಚೀಲ ಮಡಿಸಿ ಹಾಕಿದರು. ಐದು ವರ್ಷ ಬಾಯಿಪಾಠ ಮಾಡಿದ್ದನ್ನು ಅವರಿಗೆ ಹೇಳಿದೆ. ನಮ್ಮ ತೋಟದಲ್ಲಿ ಡಬ್ಬ ಇತ್ತು ಎಂದೆ.

"ಗೊತ್ತಿತ್ತು ಸಾರ್. ನಿಮ್ ತೋಟಕ್ಕೆ ಡಬ್ಬ ಹಾಕ್ಬಂದ ದಿನ ಅವ್ರು ಎಳನೀರು ತಂದಿದ್ರು."

ಒಂದು ಕೊಬ್ಬರಿ ಬಟ್ಟಲು ಕೈಗೆತ್ತಿಕೊಂಡು ಅವರು ಮುಂದುವರಿಸಿದರು. "ನೀವು ಇಲ್ಲ ಅಂದಿದ್ನ ಜೈಲಿಗೋದಾಗ ಅವ್ರಿಗೆ ಹೇಳ್ದೆ. ಸಿಟ್ಟೇ ಮಾಡ್ಕೊಳ್ಲಿಲ್ಲ. ಮನೆ ಬಾಗ್ಲಲ್ಲಿ ಯಾರಿಗಾದ್ರೂ ಭಯ ಆಯ್ತದೆ ಕಣೇ, ಕೋರ್ಟಲ್ಲಿ ಕರೀಲಿ, ಸಾರು ಹೇಳೇ ಹೇಳ್ತಾರೆ ಅಂದ್ರು. ಪ್ರತಿ ಸಲ ಹೋದಾಗ್ಲೂ ಅದೇ ಮಾತು. ಸಾರು ಹೇಳ್ತಾರೆ, ಸಾರು ಹೇಳ್ತಾರೆ ಅಂತ."

ಆಮೇಲೆ ಕೈಯಲ್ಲಿದ್ದ ಕೊಬ್ಬರಿ ಬಟ್ಟಲನ್ನು ಕೆಳಗಿಟ್ಟು ನನ್ನನ್ನೇ ನೋಡಿ ಕೇಳಿದರು. ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಕರ್ದಿದ್ರೆ ಹೇಳ್ತಿದ್ರಾ ಸಾರ್?"

ಐದು ವರ್ಷ ನನಗೆ ನಾನೇ ದಿನವೂ ಹೌದು ಎಂದುಕೊಂಡವನು ನಾನು. ಅವರ ಮುಂದೆ ಆ ಒಂದು ಪದ ಬರಲಿಲ್ಲ. ಬೇಲೂರಿಗೆ ವಾಪಸು ಬಂದು ನಾಲ್ಕು ದಿನವಾಯಿತು. ಇನ್ನೂ ಬಂದಿಲ್ಲ.