ಅಪ್ಪ ಇದ್ದವಳಿಗೆ ಬೂಟಿಲ್ಲ

ನನ್ನ ತಂಗಿಗೆ ಬೂಟು ಬಂದ ದಿನ ನಾನು ಊಟ ಬಿಟ್ಟೆ. ಕರಿ ಬಣ್ಣದ, ಬಕಲ್ ಇದ್ದ, ಮೂಗು ಹತ್ತಿರ ಹಿಡಿದರೆ ಹೊಸ ಚರ್ಮ ಘಮ್ಮೆನ್ನುವ ಬೂಟು. ನಮ್ಮೂರ ಎರೆಮಣ್ಣಿನಲ್ಲಿ ಮಳೆ ಬಿದ್ದ ಮರುದಿನ ಬೂಟು ಹಾಕಿಕೊಂಡು ನಡೆದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ, ಎತ್ತಿಡುವುದೇ ಕಷ್ಟ. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೇನು, ಬೇಕಿತ್ತು. ಅವಳ ಕಾಲಲ್ಲಿ ಇದ್ದದ್ದು ನನ್ನ ಕಾಲಲ್ಲಿ ಯಾಕಿಲ್ಲ ಎಂಬುದೊಂದೇ ನನ್ನ ತಕರಾರು.

ತಂಗಿ ಎಂದರೆ ಒಡಹುಟ್ಟಿದವಳಲ್ಲ, ಕಾಕಾನ ಮಗಳು. ನನಗಿಂತ ಒಂದಿಷ್ಟು ತಿಂಗಳು ಸಣ್ಣವಳು. ಕಾಕಾ, ಕಾಕಿ ಇಬ್ಬರೂ ಜಡ್ಡು ಬಿದ್ದು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವಳಿಗೆ ಇನ್ನೂ ಮಾತು ನೆಟ್ಟಗೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲೇ ಬೆಳೆದಳು. ಒಂದೇ ಕೌದಿಯಲ್ಲಿ ಮಲಗಿದೆವು, ಒಂದೇ ಗಂಗಾಳದಲ್ಲಿ ಉಂಡೆವು, ಒಂದೇ ವರ್ಷ ಸಾಲಿಗೆ ಹೆಸರು ಹಚ್ಚಿದರು. ಆ ತನಕ ನನಗೆ ಅವಳ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟು ಹುಟ್ಟಿದ್ದು ಜರ್ಮನಿ ಬಾಯಿಯ ಹೆಸರು ಮನೆಗೆ ಬಂದ ಮೇಲೆ.

ಎಂಬತ್ತರ ದಶಕದ ನಡುವಿನ ಮಾತು. ಪೇಟೆಯಲ್ಲಿ ಒಂದು ಸಂಸ್ಥೆ ಇತ್ತು. ತಂದೆ ತಾಯಿ ಇಲ್ಲದ ಮಕ್ಕಳನ್ನು ಹುಡುಕಿಕೊಂಡು ಅವರ ಜೀಪು ಹಳ್ಳಿ ಹಳ್ಳಿ ತಿರುಗುತ್ತಿತ್ತು. ಮಗುವಿನ ಫೋಟೋ ತೆಗೆದು ಪರದೇಶಕ್ಕೆ ಕಳಿಸುವರು. ಅಲ್ಲಿ ಯಾರೋ ಪುಣ್ಯಾತ್ಮರು ಆ ಫೋಟೋ ನೋಡಿ, ಈ ಕೂಸು ಓದುವ ಖರ್ಚು ನನ್ನದು ಎಂದು ಒಪ್ಪಿಕೊಳ್ಳುವರು. ನನ್ನ ತಂಗಿಯ ಫೋಟೋ ಜರ್ಮನಿಯ ಒಬ್ಬ ಹೆಂಗಸಿನ ಕೈಗೆ ಹೋಯಿತು. ಮಕ್ಕಳಿಲ್ಲದವಳಂತೆ. ದೊಡ್ಡ ಮನೆಯ ಹೆಂಗಸರಿಗೆ ಬಾಯಿ ಎನ್ನುವ ಹಾಗೆ ಊರವರು ಅವಳಿಗೆ ಜರ್ಮನಿ ಬಾಯಿ ಎಂದು ಹೆಸರಿಟ್ಟರು. ಆಮೇಲೆ ತಂಗಿಗೆ ಬೂಟು ಬಂತು, ಎರಡು ಜೊತೆ ಯುನಿಫಾರ್ಮು ಬಂತು, ತಗಡಿನ ಡಬ್ಬಿಯಲ್ಲಿ ಬಣ್ಣದ ಪೆನ್ಸಿಲ್ ಬಂದವು. ನನಗೆ ಅವಳ ಹಳೆಯ ಯುನಿಫಾರ್ಮು ಬಂತು.

ವರ್ಷಕ್ಕೊಮ್ಮೆ ಸಂಸ್ಥೆಯ ಸರ್ ಕ್ಯಾಮೆರಾ ಹಿಡಿದು ಬರುವರು. ಹುಡುಗಿ ಎಷ್ಟು ಎತ್ತರ ಆಗಿದ್ದಾಳೆ ಎಂದು ಆ ಬಾಯಿಗೆ ತೋರಿಸಬೇಕಲ್ಲ. ನಾನೂ ತಲೆ ಬಾಚಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ. ಸರ್ ಕಣ್ಣು ಕಿರಿದು ಮಾಡಿ ನೋಡಿ, "ಏ ತಂಗಿ, ನೀ ಸ್ವಲ್ಪ ಬಾಜು ಸರಿ" ಎನ್ನುವರು. ನಾನು ಒಂದು ಹೆಜ್ಜೆ ಸರಿಯುವೆ. "ಇನ್ನೂ ಸರಿ ಬೇ." ಸರಿದು ಸರಿದು ಮೇವಿನ ಬಣವಿಗೆ ಹೋಗಿ ಮುಟ್ಟುತ್ತಿದ್ದೆ. ಒಂದು ವರ್ಷ ಮಾತ್ರ ಹಟ ಹಿಡಿದು ಅಲ್ಲೇ ನಿಂತೆ. ಆ ಫೋಟೋದಲ್ಲಿ ನನ್ನ ಮೊಣಕೈ ಬಂದಿದೆ. ಜರ್ಮನಿಗೆ ಹೋದ ನನ್ನ ಭಾಗ ಅಷ್ಟೇ.

ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆ.

"ಸರ್ರ, ನಂದೂ ಒಂದು ಫೋಟೋ ತಗೀರಿ. ಯಾರರ ನನ್ನೂ ತಗೋತಾರ."

"ನಿಮ್ಮಪ್ಪ ಅದಾನಿಲ್ಲ?"

"ಅದಾನ್ರಿ."

"ನಿಮ್ಮವ್ವ?"

"ಆಕೀನೂ ಅದಾಳ್ರಿ."

"ಮತ್ತೇನ ಬೇಕ ನಿನಗ? ಪುಣ್ಯವಂತಿ ಅದಿ. ಆರಾಮ ಇರು" ಎಂದು ನನ್ನ ತಲೆ ಸವರಿ ಜೀಪು ಹತ್ತಿದರು. ಸುಡುಗಾಡು ಪುಣ್ಯ!

ನಾವು ಏಳನೇ ಇಯತ್ತೆಗೆ ಬಂದಾಗ ಬೂಟು, ಪೆನ್ಸಿಲ್ ಎಲ್ಲ ಹಿಂದೆ ಬಿದ್ದವು. ನಮ್ಮೂರ ಸಾಲಿ ಏಳಕ್ಕೆ ಮುಗಿಯುತ್ತಿತ್ತು. ಹೈಸ್ಕೂಲಿಗೆ ಅಣ್ಣಿಗೇರಿಗೆ ಹೋಗಬೇಕು. ತಂಗಿಯ ದಾರಿ ಸಾಫಾಗಿತ್ತು: ಸಂಸ್ಥೆಯ ಹಾಸ್ಟೆಲು, ಸಂಸ್ಥೆಯ ಪುಸ್ತಕ, ಎಸ್‌ಎಸ್‌ಎಲ್‌ಸಿ ಮುಗಿದರೆ ಕಾಲೇಜಿನ ತನಕ ಜರ್ಮನಿ ಬಾಯಿಯ ಹೊಣೆ. ನನ್ನ ಮಾತು ಬಂದಾಗ ಅಪ್ಪ ಬೀಡಿ ಆರಿಸಿ, "ಇಕಿಗೆ ಏಳು ಸಾಕು. ಹೊಲಕ್ಕ ಬುತ್ತಿ ಒಯ್ಯಾಕ ಯಾರರ ಬೇಕಲ್ಲ" ಎಂದ. ಲೆಕ್ಕದಲ್ಲಿ ಅವಳಿಗಿಂತ ನಾನು ಚುರುಕು. ಮಾಸ್ತರರೇ ಮನೆಗೆ ಬಂದು ಹೇಳಿದ್ದರು. ಅಪ್ಪ ಅವರಿಗೆ ಚಹಾ ಕುಡಿಸಿ ಕಳಿಸಿದ.

ಅಂಗಾಲಿನ ಉರಿ ನೆತ್ತಿಗೇರಿತು. ಅವ್ವನ ಮುಂದೆ ಹೋಗಿ ಕುಣಿದೆ. "ನೀವಿಬ್ಬರೂ ಜೀವಂತ ಇದ್ದೀರಿ ಅಂತ ನಾ ಸಾಲಿ ಬಿಡಬೇಕೇನು?"

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು. ಹೊಡೆಯುತ್ತಾಳೆ ಎಂದುಕೊಂಡು ಹಿಂದೆ ಸರಿದೆ. ಹೊಡೆಯಲಿಲ್ಲ. "ಏನ ಮಾಡಬೇಕವ್ವ ಮತ್ತ, ಸಾಯೂಣೇನು?" ಎಂದು ಕೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಕಾಲು ಅಪ್ಪಳಿಸುತ್ತ ಹೊರಗೆ ಹೋದೆ. ಹೊಟ್ಟೆಕಿಚ್ಚೇನೂ ಕಡಿಮೆ ಆಗಲಿಲ್ಲ.

ಆ ಸುಗ್ಗಿಯಲ್ಲೇ ಸುದ್ದಿ ಬಂತು: ಜರ್ಮನಿ ಬಾಯಿ ತಾನೇ ಬರುತ್ತಾಳಂತೆ, ಹುಡುಗಿಯನ್ನು ಕಣ್ಣಾರೆ ನೋಡುತ್ತಾಳಂತೆ.

ಮನೆಯಲ್ಲಿ ಲಗ್ನದ ಗಡಿಬಿಡಿ ಎದ್ದಿತು. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಬಾಗಿಲಿಗೆ ರಂಗೋಲಿ. ಆದರೆ ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಬೇರೆಯದೇ ಚಿಂತೆ. "ತಂದಿ ತಾಯಿ ಇಲ್ಲದ ಕೂಸು. ಬರೇ ಕೊಳ್ಳಲೆ ನಿಲ್ಲಿಸಿದರ ಆ ಬಾಯಿ ಏನಂದಾಳು? ದೊಡ್ಡಪ್ಪನ ಮನಿಯವರು ಕೂಸಿನ ಪಾಲು ತಿಂದು ಕುಂತಾರ ಅನ್ನೂದಿಲ್ಲೇನು? ಮಾನ ಹೋಗತೈತಿ." ನಮ್ಮ ಕಡೆ ಹಾಗೇ. ಹುಡುಗಿಯನ್ನು ನೋಡಲು ಯಾರಾದರೂ ದೂರದಿಂದ ಬರುತ್ತಾರೆಂದರೆ ಅವಳ ಮೈಮೇಲೆ ನಾಲ್ಕು ಒಡವೆ ಕಾಣಬೇಕು. ಮನೆಯಲ್ಲಿ ಇಲ್ಲದಿದ್ದರೆ ಬಾಜು ಮನೆಯಿಂದಾದರೂ ತರಬೇಕು.

ಬಾಜು ಮನೆಯ ಸಾವಕಾರ್ತಿ ತನ್ನ ಬೋರಮಾಳ ಸರ ಕೊಟ್ಟಳು. ಅವಳ ಸೊಸೆ ಬಳೆ ಕೊಟ್ಟಳು. ರೇಷ್ಮೆ ಪರಕಾರ ಪೋಲಕಾ ಬಂತು. ಎಲ್ಲ ತೊಡಿಸಿ ಆದ ಮೇಲೆ ಆಯಿ ತಂಗಿಯ ಕಿವಿ ನೋಡಿದಳು. ಬರಿದು. ಆಮೇಲೆ ನನ್ನ ಕಿವಿ ನೋಡಿದಳು.

ನನಗೆ ಇದ್ದದ್ದು ಅದೊಂದೇ ಬಂಗಾರ, ಸಣ್ಣ ಬೆಂಡೋಲಿ, ಕಿವಿ ಚುಚ್ಚಿಸಿದಾಗ ಅವ್ವನ ತವರಿನವರು ಇಟ್ಟದ್ದು. "ಒಂದ್ ದಿನದ ಮಟ್ಟಿಗೆ ಕೊಡ ಬೇ" ಎಂದು ಆಯಿ ಬಿಚ್ಚಿಯೇಬಿಟ್ಟಳು. ತೂತು ಮುಚ್ಚಬಾರದೆಂದು ನನ್ನ ಕಿವಿಗೆ ಎರಡು ಬೇವಿನ ಕಡ್ಡಿ ಚುಚ್ಚಿದಳು. ನಾನು ಅತ್ತೆ, ಕಾಲು ಬಡಿದೆ. ತಂಗಿ ಹೆದರಿ, "ಬ್ಯಾಡ ಬಿಡು ಆಯಿ, ಅಕ್ಕಗ ಕೊಡು" ಎಂದಳು. ಅವಳ ಈ ಒಳ್ಳೆಯತನವಂತೂ ನನ್ನ ಮೈಯೆಲ್ಲ ಉರಿಸಿತು. ನೋಡುವವರಿಗೆ ಅವಳು ದೇವರಂಥ ಹುಡುಗಿ, ನಾನು ರಾಕ್ಷಸಿ. ನನ್ನನ್ನು ಎಮ್ಮೆಯ ಸಗಣಿ ಬಳಿಯಲು ಕಳಿಸಿದರು. ಮಾಸಿದ, ಅಂಚಿನಲ್ಲಿ ಹರಿದ ಲಂಗದಲ್ಲೇ ಹೋದೆ. ನನ್ನನ್ನು ಯಾರು ನೋಡಬೇಕಿತ್ತು?

ಜೀಪು ಬಂದಾಗ ನಾನು ಕೈ ತೊಳೆದು ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಜರ್ಮನಿ ಬಾಯಿ ಇಳಿದಳು. ನಾನು ಎಂಥದೋ ರಾಣಿಯನ್ನು ನೆನೆಸಿಕೊಂಡಿದ್ದೆ. ವಯಸ್ಸಾದ, ಕೆಂಪು ಮುಖದ, ಬಿಸಿಲಿಗೆ ಬೆವೆತ ಸಾದಾ ಹೆಂಗಸು. ಕೊರಳಲ್ಲಿ ಒಂದು ದಾರವೂ ಇಲ್ಲ. ಆಯಿ ಕುಂಕುಮ ಹಚ್ಚಿದಳು, ಅವ್ವ ಉಡಿ ತುಂಬಲು ಹೋದಳು. ಆ ಬಾಯಿಗೆ ಸೆರಗೇ ಇಲ್ಲ, ತೆಂಗಿನಕಾಯಿ, ಕುಬುಸದ ಖಣ ಎಲ್ಲ ಕೈಯಲ್ಲೇ ಹಿಡಿದು ನಗುತ್ತ ನಿಂತಳು. ಊರು ಅರ್ಧ ನಮ್ಮ ಅಂಗಳದಲ್ಲಿತ್ತು. ತಂಗಿ ನಡುವೆ, ರೇಷ್ಮೆಯಲ್ಲಿ, ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದಳು.

ವರ್ಷ ವರ್ಷ ಫೋಟೋ ನೋಡಿದ್ದರೂ, ಬಂಗಾರ ಹೇರಿಕೊಂಡು ತಲೆ ತಗ್ಗಿಸಿದವಳ ಗುರುತು ಆ ಬಾಯಿಗೆ ಸಿಗಲಿಲ್ಲ; ತಂಗಿಯನ್ನು ನೋಡಿ ತಲೆದೂಗಿ, ಆಚೆ ಈಚೆ ಹುಡುಕಿದಳು. ಅವಳ ಕಣ್ಣು ನನ್ನ ಮೇಲೆ ಬಿತ್ತು. ಹರಿದ ಲಂಗ, ಬರಿಗಾಲು, ಅತ್ತು ಬಾತ ಮುಖ. ನೆಟ್ಟಗೆ ನನ್ನ ಕಡೆ ಬಂದಳು. ನನ್ನ ಕಿವಿಯ ಬೇವಿನ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿದಳು, ಕಣ್ಣು ತುಂಬಿಕೊಂಡಳು, ತಂಗಿಯ ಹೆಸರು ಹಿಡಿದು ಕರೆದು ನನ್ನನ್ನು ಅಪ್ಪಿಕೊಂಡಳು.

ನಾನು ಅಲ್ಲ ಅನ್ನಲಿಲ್ಲ. ಯಾಕೆ ಅನ್ನಬೇಕಿತ್ತು? ಅವಳ ಮೈಗೆ ಚಲೋ ಸಾಬೂನಿನ ವಾಸನೆ ಇತ್ತು. ಎಲ್ಲ ಬಂತು, ಇದೊಂದು ನನಗೆ ಬರಲಿ ಎಂದು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ. ಅವಳ ಹೆಗಲ ಮೇಲಿಂದ ತಂಗಿಯ ಮುಖ ಕಾಣುತ್ತಿತ್ತು. ಆವತ್ತು ಒಂದೇ ಸಲ ಅವಳು ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡಳು, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸರ್ ಓಡಿ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿ ಬಿಡಿಸಿದರು. ಆ ಬಾಯಿ ನನ್ನನ್ನು ಬಿಟ್ಟು, ತಂಗಿಯ ಕೊರಳ ಬಂಗಾರವನ್ನು ನೋಡಿ, ಏನೂ ತಿಳಿಯದೆ ಸರ್ ಮುಖ ನೋಡಿದಳು. ಸರ್ ಅಪ್ಪನ ಮೇಲೆ ಹರಿಹಾಯ್ದರು.

"ಏನ ಮಾಡೀರಿ ಯಜಮಾನ್ರ? ಬಡ ಹುಡುಗಿ ಅಂತ ಹೇಳೀನಿ ನಾನು. ನೀವು ನೋಡಿದರ ಇಷ್ಟ ಬಂಗಾರ ಹೇರಿ ನಿಲ್ಲಿಸೀರಿ. ಅವರಿಗೆ ನಾ ಏನ ಹೇಳಲಿ ಈಗ?"

ಆಯಿ ಮುಂದೆ ಬಂದಳು. "ಮತ್ತ ಬರೇ ಕೊಳ್ಳಲೆ ನಿಲ್ಲಿಸಬೇಕಿತ್ತೇನ್ರಿ? ನಮಗೂ ಮಾನ ಮರ್ಯಾದಿ ಐತಿ."

ಒಡವೆ ಬೇರೆಯವರದು ಎಂದು ಹೇಳಲು ಆಯಿಗೂ ಅಪ್ಪನಿಗೂ ಬಾಯಿ ಬರಲಿಲ್ಲ. ಸಾವಕಾರ್ತಿಯೇ ಗುಂಪಿನಿಂದ ಕೂಗಿದಳು. "ಅದು ನಂದ್ರಿ ಸರ! ಕೂಸಿನ ಮ್ಯಾಲ ತಪ್ಪ ತಿಳಕೋಬ್ಯಾಡ್ರಿ." ಎಲ್ಲರೂ ನಕ್ಕರು. ಅಪ್ಪನ ಮುಖ ಮಾತ್ರ ಕಪ್ಪಿಟ್ಟಿತು. ಅಲ್ಲೇ, ಎಲ್ಲರ ಎದುರು, ಒಡವೆ ಒಂದೊಂದಾಗಿ ಬಿಚ್ಚಿದರು. ನನ್ನ ಬೆಂಡೋಲಿ ನನ್ನ ಕೈಗೆ ಬಂತು. ಫೋಟೋಕ್ಕೆ ಸಾದಾ ಬಟ್ಟೆ ಬೇಕೆಂದು ಸರ್ ಹೇಳಿದ್ದಕ್ಕೆ ಅವ್ವ ಒಳಗಿಂದ ನನ್ನದೇ ಇನ್ನೊಂದು ಹಳೆಯ ಲಂಗ ತಂದು ತಂಗಿಗೆ ಹಾಕಿದಳು. ಅಯ್ಯೋ ಶಿವನೇ, ನನ್ನ ಹರಕು ಬಟ್ಟೆ ಕೂಡ ಅವಳಿಗೇ ಬೇಕಾಯಿತು!

ಫೋಟೋ ಮುಗಿದ ಮೇಲೆ ಆ ಬಾಯಿ ನನ್ನ ಕಡೆ ಕೈ ಮಾಡಿ ಏನೋ ಕೇಳಿದಳು. ಸರ್ ಅಪ್ಪನಿಗೆ ಹೇಳಿದರು: "ಈ ಹುಡುಗಿನೂ ಸಾಲಿ ಕಲಿಯಾಕತ್ತಾಳೇನು, ಮುಂದ ಹೈಸ್ಕೂಲಿಗೆ ಹೋಗತಾಳೇನು ಅಂತ ಕೇಳಾಕತ್ತಾರ. ತೊಂದರಿ ಇದ್ದರ ಹೇಳ್ರಿ ಅಂತಾರ. ನಿಯಮ ಏನರ ಇರಲಿ, ತಾವು ನೋಡತಾರಂತ."

ಕೈಯಲ್ಲಿದ್ದ ಬೆಂಡೋಲಿ ಅಂಗೈಗೆ ಚುಚ್ಚುತ್ತಿತ್ತು. ಹೇಳಪ್ಪಾ, ಇಲ್ಲ ಅಂತ ಹೇಳು, ಒಂದೇ ಮಾತು. ಅಪ್ಪ ಅಂಗಳದಲ್ಲಿ ನಿಂತ ಊರನ್ನು ನೋಡಿದ. ಈಗಷ್ಟೇ ನಕ್ಕವರ ಮುಖಗಳನ್ನು ನೋಡಿದ. ರುಮಾಲು ಸರಿ ಮಾಡಿಕೊಂಡ.

"ತೊಂದರಿ ಏನಿಲ್ರಿ. ಇಕಿ ನನ್ನ ಮಗಳು. ಇಕೀನ್ನ ನಾನ ಓದಸ್ತೀನಿ. ಎಷ್ಟ ಓದತಾಳೋ ಓದಲಿ."

ಸರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಆ ಬಾಯಿ ಅಪ್ಪನಿಗೆ ಕೈ ಮುಗಿದಳು, ನನ್ನ ಗಲ್ಲ ಹಿಂಡಿದಳು, ಜೀಪು ಹತ್ತಿದಳು.

ನಾನು ಹುಚ್ಚಿ, ನಂಬಿದೆ. ಊರೆಲ್ಲ ಕೇಳುವ ಹಾಗೆ ಹೇಳಿದ್ದಾನಲ್ಲ! ಬೇಸಿಗೆಯುದ್ದಕ್ಕೂ ತಂಗಿಯ ಜೊತೆ ಜಗಳವಾಡಲಿಲ್ಲ. ಅವಳ ಬೂಟಿಗೆ ನಾನೇ ಎಣ್ಣೆ ಹಚ್ಚಿ ಒರೆಸಿಕೊಟ್ಟೆ. ಸಾಲಿ ಶುರುವಾಗುವ ದಿನ ತಲೆಗೆ ಎರೆದುಕೊಂಡು, ಎರಡು ಜಡೆ ಹೆಣೆದುಕೊಂಡು, ತಂಗಿಯ ಟ್ರಂಕಿನ ಪಕ್ಕ ನಾನೂ ಕೂತೆ.

"ನೀ ಎಲ್ಲಿಗೆ ಹೊಂಟಿ?" ಅಪ್ಪ ಕೇಳಿದ.

"ಹೈಸ್ಕೂಲಿಗೆ. ನೀನ ಅಂದೀಯಲ್ಲಪ್ಪಾ, ಆ ಬಾಯಿ ಮುಂದ."

ಅಪ್ಪ ಸಿಟ್ಟಾಗಲಿಲ್ಲ. ನನ್ನನ್ನು ನೋಡದೆ ಎತ್ತಿನ ಹಗ್ಗ ಬಿಚ್ಚುತ್ತ ಹೇಳಿದ: "ಮಂದಿ ಮುಂದ ಹಂಗ ಅನಬೇಕಾಗತೈತವ್ವ. ನಾ ಜೀವಂತ ಇದ್ದು ನನ್ನ ಮಗಳಿಗಂತ ಪರದೇಶದವರ ಮುಂದ ಕೈ ಒಡ್ಡಲೇನು?"

ಜೀಪು ಬಂತು, ತಂಗಿ ಹೋದಳು. ಹಿಂದೆ ತಿರುಗಿ ತಿರುಗಿ ನೋಡಿದಳು. ನಾನು ಕೈ ಎತ್ತಲಿಲ್ಲ. ಮುಂದೆ ನನ್ನ ಮಕ್ಕಳೆಲ್ಲ ದೊಡ್ಡವರಾದ ಮೇಲೆ ನಾನೂ ಹೊರಗಿನಿಂದ ಪರೀಕ್ಷೆಗೆ ಕಟ್ಟಿ ಪಾಸಾದೆ, ಪದವಿಯನ್ನೂ ಮಾಡಿದೆ. ಅದರ ಮಾತು ಬೇರೆ. ಹದಿಮೂರನೇ ವಯಸ್ಸಿನ ಆ ಬೆಳಿಗ್ಗೆಗೆ ಅದು ಸಮ ಆಗಲಿಲ್ಲ. ತಂಗಿ ಈಗ ದೊಡ್ಡ ಹುದ್ದೆಯಲ್ಲಿದ್ದಾಳೆ, ಅವಳನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅವಳಿಗೂ ಹಾಗೆಂದು ಹೇಳಿದ್ದೇನೆ.

ಆ ವರ್ಷವೇ ದೀಪಾವಳಿಯ ರಜೆಗೆ ತಂಗಿ ಊರಿಗೆ ಬಂದಾಗ ಜೊತೆಗೆ ಒಂದು ಪೊಟ್ಟಣ ತಂದಳು. ಜರ್ಮನಿ ಬಾಯಿ ಕಳಿಸಿದ್ದು, ಈ ಸಲ ನನಗೆ. ಇಬ್ಬರೂ ಹೈಸ್ಕೂಲಿಗೆ ಹೋಗುತ್ತಾರಲ್ಲ, ಒಬ್ಬಳಿಗೇ ಕೊಟ್ಟರೆ ಇನ್ನೊಬ್ಬಳು ಬೇಜಾರು ಮಾಡಿಕೊಂಡಾಳು ಎಂದು ಸರ್ ಹತ್ತಿರ ಹೇಳಿಕಳಿಸಿದ್ದಳಂತೆ. ಬಿಚ್ಚಿ ನೋಡಿದೆ. ನೀಲಿ ಬಣ್ಣದ, ಬೆನ್ನಿಗೆ ಹಾಕುವ ಸಾಲಿ ಚೀಲ, ಹೊಚ್ಚ ಹೊಸದು. ಅಪ್ಪ ಅದನ್ನು ನೋಡಿ ಎದ್ದು ಹೊರಗೆ ಹೋದ.

ಮರುದಿನದಿಂದ ಅವನ ಬುತ್ತಿಯನ್ನು ನಾನು ಆ ಚೀಲದಲ್ಲೇ ಹೊಲಕ್ಕೆ ಒಯ್ದೆ.