ನೂರಾ ಅರವತ್ತೈದು ಸೆಂಟಿಮೀಟರ್

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಬೇಸಿಗೆ. ಕಲಬುರಗಿಯಲ್ಲಿ ಒಂದು ದಿನಪತ್ರಿಕೆಯ ಹಿರಿಯ ಕ್ರೀಡಾ ವರದಿಗಾರನಾಗಿದ್ದೆ. ಬಾಲಕಿಯರ ಬಾಸ್ಕೆಟ್‌ಬಾಲ್ ಹಾಸ್ಟೆಲ್‌ಗೆ ನಗರದಲ್ಲಿ ಆಯ್ಕೆ ನಡೆಯಲಿತ್ತು. ಇಪ್ಪತ್ತು ಸಾಲಿನ ಸುದ್ದಿ. ಸೇಡಂ ರಸ್ತೆಯ ಅಂಗಡಿಗಳು ಬಾಗಿಲು ತೆರೆಯುವ ಮುನ್ನವೇ ಬಾಸ್ಕೆಟ್‌ಬಾಲ್ ಅಂಕಣ ತಲುಪಿದೆ.

ಚೆಂಡುಗಳು ಇನ್ನೂ ಬಲೆಯ ಚೀಲದಲ್ಲೇ ಇದ್ದವು. ಮೊದಲು ಎತ್ತರದ ಅಳತೆ. ಗೋಡೆಯ ಮೇಲೆ 165 ಸೆಂ.ಮೀ. ಎತ್ತರಕ್ಕೆ ಕೆಂಪು ಟೇಪ್ ಅಂಟಿಸಿದ್ದರು. ತಲೆ ಅದಕ್ಕೆ ತಾಗದವರು ಚೆಂಡು ಮುಟ್ಟದೆಯೇ ಮನೆಗೆ.

ಕಮಲಾಪುರದಿಂದ ಬಂದಿದ್ದ ಶಬಾನಾಗೆ ಹದಿನಾರು ವರ್ಷ, ಎತ್ತರ 158. ಮುಖ್ಯ ಆಯ್ಕೆಗಾರರು ನಕ್ಕರು: “ನಿನಗ ರಿಂಗ್ ಎಟುಕಬೇಕಾದ್ರ ನಿಚ್ಚಣಿಕಿ ಬೇಕವ್ವ. ಖೋಖೋ ಆಡು, ಹೋಗು.”

ಆಕೆಯ ಜೊತೆ ಬಂದಿದ್ದ ದೈಹಿಕ ಶಿಕ್ಷಕಿ ವಸುಧಾ ಕದಲಲಿಲ್ಲ. “ತಲಿ ಅಳದ್ರಿ, ಸರ್. ಕೈ ಅಳೀರಿ. ಆಕಿ ಜಿಗಿಯೋದು ಅಳೀರಿ. ಇಲ್ಲಿ ಆಯ್ಕಿ ಆಗ್ಲಿಲ್ಲಂದ್ರ ಆಟಾನೇ ಬಿಡು ಅಂತ ಆಕಿ ಅಪ್ಪ ಹೇಳ್ಯಾರ್ರೀ.”

“ಕನ್ಯಾ ತೋರಸ್ಲಾಕ ಬಂದೀರೇನ್ರಿ ಮೇಡಂ? ಗುಣಗಾನ ಸಾಕು.”

ಶಬಾನಾ ಯಾರ ಅಪ್ಪಣೆಗೂ ಕಾಯಲಿಲ್ಲ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು, ನಿಂತಲ್ಲಿಂದಲೇ ಜಿಗಿದು ಗೋಡೆ ಮುಟ್ಟಿದಳು. ಆಗಲೇ ಅಳತೆಯಲ್ಲಿ ಪಾಸಾಗಿದ್ದ 176 ಸೆಂ.ಮೀ. ಎತ್ತರದ ಹುಡುಗಿಯೂ ಹುರುಪಿಗೆ ಪಕ್ಕದಲ್ಲೇ ಜಿಗಿದಳು. ಕುರ್ಚಿ ಹತ್ತಿ ಅಳೆದವನು ನಾನೇ. ಎತ್ತರದ ಹುಡುಗಿಯ ಗುರುತು 262, ಶಬಾನಾಳದು 267. ಮೈ ಗಿಡ್ಡ, ಆದರೆ ತೋಳು ಉದ್ದ, ಮೀನಖಂಡ ಗಟ್ಟಿ. ರಿಂಗ್‌ನಿಂದ ಮರಳುವ ಚೆಂಡನ್ನು ಹಿಡಿಯುವುದು ನೆತ್ತಿಯಲ್ಲ, ಬೆರಳ ತುದಿ.

ಆಯ್ಕೆಗಾರರು ಒದ್ದೆ ಬಟ್ಟೆ ತರಿಸಿ ಎರಡೂ ಗುರುತುಗಳನ್ನು ಒರೆಸಿಸಿದರು.

ವರದಿಗಾರ ಆಟದ ಅಂಕಣದಲ್ಲಿ ದನಿ ಏರಿಸಬಾರದು ಎಂದು ಕಿರಿಯರಿಗೆ ಹೇಳಿಕೊಟ್ಟವನು ನಾನು. ಅಂದು ಏರಿಸಿದೆ. “ಈ 165 ಯಾವ ನಿಯಮದಾಗ ಅದರೀ? ತೋರಸ್ರಿ.”

“ತೋರಸ್ತೀನಿ, ಕೂಡ್ರಿ” ಎಂದು ಅವರು ಕಡತ ತೆರೆದರು. ನಿಯಮಾವಳಿಯ ಹಾಳೆಯಲ್ಲಿ ಎತ್ತರದ ಮಾತೇ ಇರಲಿಲ್ಲ. ಅದರ ಕೆಳಗೆ ಲ್ಯಾಮಿನೇಟ್ ಮಾಡಿಸಿದ ಪತ್ರಿಕೆಯ ತುಣುಕೊಂದಿತ್ತು. “ಓದ್ರಿ. ನಿಮ್ಮದೇ ಪೇಪರ್, ನಿಮ್ಮದೇ ಹೆಸರು.”

ಬಾಸ್ಕೆಟ್‌ಬಾಲ್‌ಗೆ ಎಂಥ ಮೈಕಟ್ಟು ಬೇಕು ಎಂದು ಒಂಬತ್ತು ವರ್ಷಗಳ ಹಿಂದೆ ನಾನು ಬರೆದ ಲೇಖನ ಅದು. ಟೂರ್ನಿ ಗೆದ್ದ ಒಂದು ತಂಡದ ಐವರು ಆಟಗಾರ್ತಿಯರ ಎತ್ತರ ಕೂಡಿಸಿ, ಐದರಿಂದ ಭಾಗಿಸಿ, 165 ಎಂದು ಸರಾಸರಿ ತೆಗೆದಿದ್ದೆ. ಅದರ ಮುಂದಿನ ಸಾಲು: “ಇದಕ್ಕಿಂತ ಗಿಡ್ಡಗಿರುವವರು ಈ ಆಟದ ಆಸೆ ಬಿಡುವುದು ಲೇಸು.” ಡೆಸ್ಕ್‌ನವರು ಮೆಚ್ಚಿ ಅದನ್ನು ದಪ್ಪಕ್ಷರದಲ್ಲಿ ಹಾಕಿದ್ದರು.

ಕಚೇರಿಗೆ ಹೋಗಿ ಹಳೆಯ ನೋಟ್‌ಬುಕ್ ಹುಡುಕಿದೆ. 176, 172, 166, 156, 155. ಇಬ್ಬರು ಆ ಗೆರೆಯ ಕೆಳಗೇ ಇದ್ದರು. 155ರ ಹುಡುಗಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡನ್ನು ಮುಂದೆ ಒಯ್ದು ತಂಡವನ್ನು ಆಡಿಸುವವಳು. ಫೈನಲ್ ಗೆಲ್ಲಿಸಿದವಳು ಅವಳೇ ಎಂದು ನನ್ನ ಕೈಬರಹವೇ ಹೇಳುತ್ತಿತ್ತು. ಒಂಬತ್ತು ಬೇಸಿಗೆಯಲ್ಲಿ ಎಷ್ಟು ಹುಡುಗಿಯರನ್ನು ಆ ಸಾಲು ತೋರಿಸಿ ವಾಪಸ್ ಕಳಿಸಿದರೋ, ಯಾರೂ ಬರೆದಿಟ್ಟಿಲ್ಲ. ಆಯ್ಕೆಗಾರರ ಮೇಲಿನ ಸಿಟ್ಟು ಆರಿರಲಿಲ್ಲ, ಇಂದಿಗೂ ಆರಿಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ನನಗೇ ಸಲ್ಲಬೇಕಿತ್ತು.

ತಿದ್ದುಪಡಿ ಬರೆದುಕೊಟ್ಟೆ. “ಹೂತ ಹೆಣ ಯಾಕ ತೆಗೀತೀರಿ?” ಎಂದರು ಸಂಪಾದಕರು. ಜಗಳವಾಡಿ ಹಾಕಿಸಿದೆ. ಆಯ್ಕೆ ಪಟ್ಟಿಗೆ ಮೂರು ಕಾಲಂ. ತಿದ್ದುಪಡಿಗೆ ಕೊನೆಯ ಪುಟದ ತಳದಲ್ಲಿ ನಾಲ್ಕು ಸಾಲು. ಪಟ್ಟಿ ಬದಲಾಗಲಿಲ್ಲ.

ಆ ಭಾನುವಾರ ಪತ್ರಿಕೆ ಹಿಡಿದು ಕಮಲಾಪುರಕ್ಕೆ ಹೋದೆ. ಶಾಲೆಯ ನೀರಿನ ಟ್ಯಾಂಕಿನ ಕಂಬಕ್ಕೆ ಬಿಗಿದ, ಬಲೆಯಿಲ್ಲದ ರಿಂಗ್ ಒಂದಿತ್ತು. ಶಬಾನಾ ಆಟ ಕಲಿತದ್ದು ಅಲ್ಲೇ. ಈಗ ಅವಳು ಅಪ್ಪನ ಟೇಲರ್ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ತಪ್ಪು ನನ್ನದು ಎಂದೆ.

“ಜಾನೇ ದೋ ಸಾಬ್, ಆಕಿ ನಸೀಬು” ಎಂದರು ಅಪ್ಪ.

“ನಸೀಬಲ್ಲ ಅಬ್ಬಾ, ಟೇಪು” ಎಂದಳು ಮಗಳು.

ಸರಾಸರಿಯನ್ನು ಬರೆಯುವವನು ಅದರ ಕೆಳಗೆ ನಿಂತವರನ್ನೂ ಬರೆಯಬೇಕು. ಈ ವೃತ್ತಿ ನನಗೆ ಇದನ್ನು ಕಲಿಸಿತು, ತಡವಾಗಿ. ಕಲಿಕೆಯ ಬೆಲೆ ತೆತ್ತವಳು ಬೇರೆಯವಳು. ಶಬಾನಾ ಆ ನಾಲ್ಕು ಸಾಲನ್ನು ಎರಡು ಸಲ ಓದಿದಳು. ಪತ್ರಿಕೆ ಮಡಚಿ ನನ್ನ ಕೈಗೇ ವಾಪಸ್ ಕೊಟ್ಟು ಕೇಳಿದಳು:

“ಇದನ್ನೂ ಅವರು ಲ್ಯಾಮಿನೇಟ್ ಮಾಡಸ್ತಾರೇನ್ರೀ, ಸರ್?”